ದಾಸೋಹದ ಪಂಕ್ತಿಯಿಂದ ಕಾಯಕದ ಪಾಲಿಗೆ: ಕಲಬುರಗಿ ಸೀಮೆಯ ದಾನಪರಂಪರೆ ಮತ್ತು ಸ್ವಲೀನರು

ಕಲಬುರಗಿ ಜಿಲ್ಲೆಯ ಆಳಂದ, ಅಫಜಲಪುರ ಮತ್ತು ಜೇವರ್ಗಿ ತಾಲೂಕುಗಳ ಸೀಮೆಯು ದಾನದ ಚರಿತ್ರೆಯನ್ನು ಅಭ್ಯಸಿಸುವವರಿಗೆ ಬಹು ಫಲವತ್ತಾದ ನೆಲ. ಆಳಂದದಲ್ಲಿ ಲಾಡ್ಲೆ ಮಶಾಕರ ದರ್ಗಾ ಇದೆ. ಆ ತಾಲೂಕಿನಿಂದ ಹರಿದು ಬರುವ ಅಮರ್ಜಾ ನದಿಯು ಭೀಮೆಯನ್ನು ಕೂಡುವಲ್ಲಿ, ಅಫಜಲಪುರ ತಾಲೂಕಿನ ದೇವಲ ಗಾಣಗಾಪುರದ ದತ್ತಕ್ಷೇತ್ರವಿದೆ. ಹಳೆಯ ಜೇವರ್ಗಿ ತಾಲೂಕಿನ ಅರಳಗುಂಡಗಿಯು ಶರಣಬಸವೇಶ್ವರರ (1746–1822) ಹುಟ್ಟೂರು. ಅವರು ಕಲಬುರಗಿಯಲ್ಲಿ ನೆಲೆಗೊಳಿಸಿದ ದಾಸೋಹವು ಎರಡು ಶತಮಾನಗಳ ನಂತರವೂ ಮುಂದುವರಿದಿದೆ. ಆಳಂದ ತಾಲೂಕಿನ ಕಿಣ್ಣಿ ಸುಲ್ತಾನದಂತಹ ಹಳ್ಳಿಯೊಂದರ ಕುಟುಂಬಕ್ಕೆ ಈ ಮೂರೂ ನೆಲೆಗಳು ಒಂದು ದಿನದ ಪ್ರಯಾಣದೊಳಗೆ ಎಟುಕುತ್ತವೆ. ಕಷ್ಟಕಾಲದಲ್ಲಿ ಜಾತಿಮತಗಳ ಎಣಿಕೆಯಿಲ್ಲದೆ ಜನ ಈ ಮೂರೂ ಕಡೆಗೆ ಹೋಗಿದ್ದಾರೆ, ಈಗಲೂ ಹೋಗುತ್ತಾರೆ.

ಇಂತಹ ದಾನಭೂಮಿಯಲ್ಲಿ, ವಯಸ್ಸಿಗೆ ಬಂದರೂ ಮಾತು ಬಾರದ, ಕರೆದರೆ ತಿರುಗಿ ನೋಡದ, ಒಂದೇ ಆಟವನ್ನು ದಿನವಿಡೀ ಆಡುವ ಮಗುವಿಗೆ ಸಿಕ್ಕಿದ್ದೇನು? ಅನ್ನ ಸಿಕ್ಕಿದೆ ಎಂಬುದರಲ್ಲಿ ಸಂದೇಹವಿಲ್ಲ. ವಿದ್ಯೆ ಸಿಕ್ಕಿತೆ, ದುಡಿದು ಉಣ್ಣುವ ಅವಕಾಶ ಸಿಕ್ಕಿತೆ ಎಂಬ ಪ್ರಶ್ನೆಗಳನ್ನು ದಾನಪರಂಪರೆಯ ಅಧ್ಯಯನಗಳು ಸಾಮಾನ್ಯವಾಗಿ ಕೇಳಿಲ್ಲ. ಸ್ವಲೀನತೆ ಅಥವಾ ಆಟಿಸಂ ಎಂದು ಇಂದು ಗುರುತಿಸಲಾಗುವ ಸ್ಥಿತಿಯನ್ನು ಮುಂದಿಟ್ಟುಕೊಂಡು ಈ ಪ್ರಶ್ನೆಗಳನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಮೊದಲಿಗೆ ಹೆಸರಿನ ವಿಚಾರ. 1943ರಲ್ಲಿ ಅಮೆರಿಕದ ಲಿಯೊ ಕ್ಯಾನರ್ ಹನ್ನೊಂದು ಮಕ್ಕಳ ವಿವರಗಳನ್ನು ಪ್ರಕಟಿಸಿ ಈ ಸ್ಥಿತಿಯನ್ನು ಪ್ರತ್ಯೇಕವಾಗಿ ಗುರುತಿಸಿದ. ಮರುವರ್ಷ ವಿಯೆನ್ನಾದ ಹಾನ್ಸ್ ಆಸ್ಪರ್ಗರ್ ಇದೇ ಬಗೆಯ ಮಕ್ಕಳನ್ನು ಕುರಿತು ಬರೆದ. ಆಟಿಸಂ ಎಂಬ ಪದದ ಮೂಲದಲ್ಲಿ ‘ತಾನು’ ಎಂಬರ್ಥದ ಗ್ರೀಕ್ ಪದವಿದೆ. ಕನ್ನಡದ ‘ಸ್ವಲೀನತೆ’ ಅದರ ನೇರ ರೂಪ. ಆದರೆ ಕನ್ನಡಕ್ಕೆ ಬಂದಾಗ ಈ ಪದ ಬೇರೊಂದು ಬಣ್ಣವನ್ನು ಪಡೆದಿದೆ. ಲೀನವಾಗುವುದು ಈ ನೆಲದ ಅನುಭಾವ ಪರಿಭಾಷೆಯಲ್ಲಿ ಮೆಚ್ಚಿನ ಮಾತು. ತನ್ನೊಳಗೆ ತಾನು ಲೀನನಾದವನು ಎಂದರೆ ಸಾಧಕನೇ ಹೊರತು ನೆರವು ಬೇಕಾದವನಲ್ಲ. ಪದ ಸುಂದರವಾಗಿದೆ, ಆದರೆ ದಾರಿ ತಪ್ಪಿಸುತ್ತದೆ. ಈ ಮಕ್ಕಳ ತೊಡಕು ಇರುವುದು ಇತರರೊಡನೆ ಸಂವಹನ ನಡೆಸುವುದರಲ್ಲಿ, ಎದುರಿನವರ ಇಂಗಿತವನ್ನು ಅರಿಯುವುದರಲ್ಲಿ, ಸದ್ದು–ಬೆಳಕು–ಸ್ಪರ್ಶಗಳನ್ನು ತಾಳಿಕೊಳ್ಳುವುದರಲ್ಲಿ. ಅವರು ಒಳಗೆ ಮುಳುಗಿ ಸುಖವಾಗಿದ್ದಾರೆ ಎಂದು ಭಾವಿಸಲು ಆಧಾರವಿಲ್ಲ. ಅದಲ್ಲದೆ ಸ್ವಲೀನರೆಲ್ಲರೂ ಒಂದೇ ಬಗೆಯವರಲ್ಲ. ಮಾತೇ ಬಾರದವರಿದ್ದಾರೆ, ಪುಟಗಟ್ಟಲೆ ನೆನಪಿಟ್ಟು ಹೇಳುವವರೂ ಇದ್ದಾರೆ.

ಶಾಸ್ತ್ರೀಯ ಹೆಸರು ಬರುವುದಕ್ಕೆ ಮುಂಚೆ ಹಳ್ಳಿಗಳಲ್ಲಿ ಬಳಕೆಯಲ್ಲಿದ್ದ ಪದಗಳು ಮಳ್ಳ, ಹುಚ್ಚ, ಮೂಗ, ಭೋಳೆ ಮುಂತಾದವು. ಇವುಗಳಲ್ಲಿ ಯಾವುದೂ ಸ್ವಲೀನತೆಗೆ ಸಮನಾದುದಲ್ಲ. ಬುದ್ಧಿಮಾಂದ್ಯ, ಕಿವುಡು, ಮನೋರೋಗ, ಬರಿಯ ಮುಗ್ಧತೆ ಎಲ್ಲವೂ ಇವುಗಳೊಳಗೆ ಕಲಸಿಹೋಗಿವೆ. ಇವು ಬಯ್ಗುಳಗಳೆಂದು ತಳ್ಳಿಹಾಕುವುದೂ ಸರಿಯಲ್ಲ. ಉತ್ತರ ಕರ್ನಾಟಕದಲ್ಲಿ ಹುಚ್ಚಪ್ಪ, ಹುಚ್ಚವ್ವ ಎಂಬ ಹೆಸರುಗಳನ್ನು ಮಕ್ಕಳಿಗೆ ಭಕ್ತಿಯಿಂದಲೇ ಇಡಲಾಗಿದೆ. ಬಾಗಲಕೋಟೆ ಜಿಲ್ಲೆಯ ಕಮತಗಿಯಲ್ಲಿ ಹುಚ್ಚೇಶ್ವರನ ಹೆಸರಿನ ಮಠವೇ ಇದೆ. ಕಡಕೋಳ ಮಡಿವಾಳಪ್ಪನವರಿಂದ ಹಬ್ಬಿದ ತತ್ವಪದ ಪರಂಪರೆಯಲ್ಲಿ ‘ಹುಚ್ಚು’ ಎಂಬುದು ಲೋಕದ ಲೆಕ್ಕಾಚಾರವನ್ನು ಮೀರಿದ ಅರಿವಿಗೂ ಸಲ್ಲುವ ಮಾತು. ಹೀಗೆ ಒಂದೇ ಪದ ಬೀದಿಯಲ್ಲಿ ಗೇಲಿಯಾಗಿಯೂ ಗದ್ದುಗೆಯ ಮುಂದೆ ಗೌರವವಾಗಿಯೂ ಬಳಕೆಯಾಗಿದೆ. ಗೇಲಿ ಮತ್ತು ಗೌರವ ಎರಡಕ್ಕೂ ಸಮಾನವಾದ ಒಂದು ಗುಣವಿದೆ: ಇವೆರಡೂ ಆ ವ್ಯಕ್ತಿಗೆ ಏನನ್ನಾದರೂ ಕಲಿಸಬಹುದೆಂಬ ಯೋಚನೆಯತ್ತ ಒಯ್ಯುವುದಿಲ್ಲ.

ಜನಪದ ಕಥೆಗಳು ಈ ವಿಷಯದಲ್ಲಿ ಪದಗಳಿಗಿಂತ ಹೆಚ್ಚು ಸೂಕ್ಷ್ಮವಾಗಿವೆ. ಹುಚ್ಚ ಮಗ ಅಥವಾ ದಡ್ಡ ಅಳಿಯನ ಕಥೆಗಳು ಕನ್ನಡದ ಎಲ್ಲ ಪ್ರದೇಶಗಳಲ್ಲಿಯೂ ದೊರೆಯುತ್ತವೆ. ತಾಯಿ ಹೇಳಿಕೊಟ್ಟ ಮಾತನ್ನು ಮಗ ತಪ್ಪಿಲ್ಲದೆ ನೆನಪಿಟ್ಟುಕೊಳ್ಳುತ್ತಾನೆ. ಸಾವಿನ ಮನೆಯಲ್ಲಿ ಆಡಬೇಕಾದ ಮಾತನ್ನು ಮದುವೆಯ ಮನೆಯಲ್ಲಿ ಆಡಿ ಪೆಟ್ಟು ತಿನ್ನುತ್ತಾನೆ. ಅಲ್ಲಿ ಕಲಿತದ್ದನ್ನು ಮುಂದಿನ ಊರಿನಲ್ಲಿ ಆಡಿ ಮತ್ತೆ ಪೆಟ್ಟು ತಿನ್ನುತ್ತಾನೆ. ಆರ್ನೆ ಮತ್ತು ಥಾಂಪ್ಸನ್‌ರ ಕಥಾಸೂಚಿಯಲ್ಲಿ ಈ ವರ್ಗಕ್ಕೆ 1696ನೆಯ ಸಂಖ್ಯೆಯಿದೆ. ಅಂದರೆ ಇದು ಜಗತ್ತಿನ ಹಲವೆಡೆ ಹರಡಿರುವ ಕಥೆ. ಈ ಕಥೆಯ ಮಗನಿಗೆ ಆಟಿಸಂ ಇತ್ತೆಂದು ಹೇಳುವುದು ಹಾಸ್ಯಾಸ್ಪದವಾದೀತು. ಆದರೆ ಕಥೆಯ ಹಿಂದಿರುವ ಅವಲೋಕನವನ್ನು ಗಮನಿಸಬೇಕು. ಅವನಿಗೆ ನೆನಪಿನ ಕೊರತೆಯಿಲ್ಲ, ವಿಧೇಯತೆಯ ಕೊರತೆಯಿಲ್ಲ. ಮಾತಿಗೂ ಸನ್ನಿವೇಶಕ್ಕೂ ಇರುವ ನಂಟು ಅವನಿಗೆ ತಾನಾಗಿ ಹೊಳೆಯುವುದಿಲ್ಲ, ಅದನ್ನು ಅವನಿಗೆ ಯಾರೂ ಬಿಡಿಸಿ ಹೇಳುವುದೂ ಇಲ್ಲ. ಇಂದಿನ ವಿಶೇಷ ಶಿಕ್ಷಕರು ಚಿತ್ರಪಟಗಳ ಮೂಲಕ, ದಿನಚರಿಯ ಹಲಗೆಗಳ ಮೂಲಕ, ಚಿಕ್ಕ ಚಿಕ್ಕ ಸನ್ನಿವೇಶಗಳ ಮೂಲಕ ಕಲಿಸಲೆತ್ನಿಸುವುದು ಈ ನಂಟನ್ನೇ. ಕಥೆ ಹೇಳುವ ಅಜ್ಜಿಯರು ಕಂಡುಕೊಂಡಿದ್ದ ತೊಡಕಿಗೆ ಪಾಠಕ್ರಮ ಒದಗಲು ಬಹಳ ಕಾಲ ಬೇಕಾಯಿತು.

ಈ ಸೀಮೆಯ ಧಾರ್ಮಿಕ ವಾಙ್ಮಯದಲ್ಲಿಯೂ ಮಾತು ಬಾರದ ಮಗುವಿನ ಪ್ರಸಂಗಗಳಿವೆ. ಗಾಣಗಾಪುರದ ನೃಸಿಂಹ ಸರಸ್ವತಿಗಳ ಚರಿತ್ರೆಯನ್ನು ಹೇಳುವ, ಸರಸ್ವತಿ ಗಂಗಾಧರ ಮರಾಠಿಯಲ್ಲಿ ರಚಿಸಿದ ‘ಗುರುಚರಿತ್ರೆ’ಯನ್ನು ಗಡಿಭಾಗದ ಕನ್ನಡಿಗರ ಮನೆಗಳಲ್ಲಿಯೂ ಪಾರಾಯಣ ಮಾಡುತ್ತಾರೆ. ಅದರಲ್ಲಿ ಕೃಷ್ಣಾ ನದಿಯ ನಡುಗಡ್ಡೆಯಾದ ಕುರವಪುರದ, ಅಂದರೆ ಇಂದಿನ ರಾಯಚೂರು ಜಿಲ್ಲೆಯ ಕುರುವಗಡ್ಡೆಯ, ಪ್ರಸಂಗವೊಂದಿದೆ. ಮಂದಬುದ್ಧಿಯ ಮಗನನ್ನು ಕಟ್ಟಿಕೊಂಡ ತಾಯಿಯೊಬ್ಬಳು ಊರವರ ನಿಂದೆಯನ್ನು ತಾಳಲಾರದೆ ಮಗನೊಡನೆ ನದಿಗೆ ಬೀಳಲು ಬರುತ್ತಾಳೆ. ಶ್ರೀಪಾದ ಶ್ರೀವಲ್ಲಭರು ಆಕೆಯನ್ನು ತಡೆದು, ಹುಡುಗನ ತಲೆಯ ಮೇಲೆ ಕೈಯಿಡುತ್ತಾರೆ; ಹುಡುಗ ವಿದ್ವಾಂಸನಾಗುತ್ತಾನೆ. ಸ್ವತಃ ನೃಸಿಂಹ ಸರಸ್ವತಿಗಳ ಬಾಲ್ಯದ ಕಥೆಯೂ ಇಂತಹುದೇ. ಆ ಮಗು ಓಂಕಾರವೊಂದನ್ನು ಬಿಟ್ಟು ಬೇರೇನನ್ನೂ ನುಡಿಯುವುದಿಲ್ಲ, ತಂದೆತಾಯಿಗಳು ಚಿಂತೆಗೊಳಗಾಗುತ್ತಾರೆ, ಉಪನಯನವಾದೊಡನೆ ಮಗು ವೇದವನ್ನು ನುಡಿಯುತ್ತದೆ.

ಎರಡೂ ಪ್ರಸಂಗಗಳಲ್ಲಿ ತಾಯಿತಂದೆಗಳ ಸಂಕಟ ಸಹಜವಾಗಿ ಚಿತ್ರಿತವಾಗಿದೆ. ಮಗನಿಂದಾಗಿ ತಾಯಿ ಕೇಳಬೇಕಾದ ಕುಹಕದ ಮಾತು, ಆ ಮಾತಿಗಿಂತ ಸಾವೇ ಲೇಸೆನಿಸುವ ಗಳಿಗೆ, ಇವು ಇಂದಿಗೂ ಹಳತಾಗಿಲ್ಲ. ಪರಿಹಾರ ಮಾತ್ರ ಪವಾಡದ್ದು. ಪವಾಡದ ಪರಿಹಾರಕ್ಕೆ ನಡುವಿನ ವರ್ಷಗಳಿಲ್ಲ. ದಿನಕ್ಕೊಂದು ಪದ ಕಲಿತ ಮಗುವಿನ ಕಥೆಯನ್ನು ಯಾವ ಪುರಾಣವೂ ಹೇಳುವುದಿಲ್ಲ. ಕ್ಷೇತ್ರಗಳಿಗೆ ಮಕ್ಕಳನ್ನು ಕರೆತರುವ ಕುಟುಂಬಗಳ ನಿರೀಕ್ಷೆಯನ್ನು ರೂಪಿಸಿದ್ದು ಇಂತಹ ಕಥನಗಳೇ. ಗಾಣಗಾಪುರದಲ್ಲಿ ಗಾಳಿಸೋಂಕಿನವರೆಂದು ಕರೆತಂದವರು ಆರತಿಯ ವೇಳೆಯಲ್ಲಿ ಕಂಬವೇರಿ ಕೂಗಾಡುವುದು ಪ್ರಸಿದ್ಧವಾದ ದೃಶ್ಯ. ದರ್ಗಾಗಳಲ್ಲಿ ತಾಯಿತ ಕಟ್ಟಿಸಿ, ಹರಕೆ ಹೊತ್ತು, ಗುಣವಾಗುವವರೆಗೆ ಅಲ್ಲಿಯೇ ತಂಗುವ ರೂಢಿಯಿದೆ. ಈ ಆಚರಣೆಗಳನ್ನು ಮೂಢನಂಬಿಕೆ ಎಂಬ ಒಂದೇ ಮಾತಿನಲ್ಲಿ ಮುಗಿಸಿಬಿಡುವುದು ಜಾನಪದ ಅಧ್ಯಯನಕ್ಕೆ ತಕ್ಕುದಲ್ಲ. ಬೇರೆಲ್ಲಿಯೂ ಕೂರಲು ಜಾಗ ಸಿಗದ ಕುಟುಂಬಕ್ಕೆ ಅಲ್ಲಿ ಜಾಗ ಸಿಕ್ಕಿದೆ. ತಮ್ಮಂತೆಯೇ ಬಂದ ಇತರರನ್ನು ಕಂಡು ತಾಯಂದಿರು ಸಮಾಧಾನ ಪಡೆದಿದ್ದಾರೆ. ಆದರೆ ಆಶ್ರಯ ನೀಡುವ ಹೆಸರಿನಲ್ಲಿ ಮೇಲ್ವಿಚಾರಣೆಯಿಲ್ಲದೆ ಬೆಳೆದ ವಸತಿಗಳು ಎಲ್ಲಿಗೆ ಮುಟ್ಟಬಲ್ಲವು ಎಂಬುದಕ್ಕೆ ತಮಿಳುನಾಡಿನ ಏರ್ವಾಡಿ ಸಾಕ್ಷಿ. 2001ರ ಆಗಸ್ಟ್ 6ರಂದು ಅಲ್ಲಿ ದರ್ಗಾದ ನಂಬಿಕೆಯನ್ನು ಆಧರಿಸಿ ನಡೆಯುತ್ತಿದ್ದ ಖಾಸಗಿ ವಸತಿಯೊಂದಕ್ಕೆ ಬೆಂಕಿ ಬಿದ್ದು, ಸರಪಳಿಯಲ್ಲಿ ಕಟ್ಟಿಹಾಕಿದ್ದ ಮನೋರೋಗಿಗಳು ಸುಟ್ಟುಹೋದರು. ಸತ್ತವರ ಸಂಖ್ಯೆ 28. ಮನೋರೋಗಿಗಳನ್ನು ಸರಪಳಿಯಿಂದ ಬಂಧಿಸುವುದನ್ನು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಸ್ಪಷ್ಟವಾಗಿ ನಿಷೇಧಿಸಿದೆ.

ಇನ್ನು ದಾಸೋಹದ ಮಾತು. ಶರಣಬಸವೇಶ್ವರರ ಬಗೆಗೆ ಈ ಸೀಮೆಯಲ್ಲಿ ಎಲ್ಲರೂ ಬಲ್ಲ ಐತಿಹ್ಯವೊಂದಿದೆ. ಅವರು ಹೊಲದಲ್ಲಿ ತೆನೆ ತಿನ್ನಲು ಬಂದ ಹಕ್ಕಿಗಳನ್ನು ಓಡಿಸದೆ, ಅವುಗಳಿಗೆ ಕುಡಿಯಲು ನೀರನ್ನೂ ಇಟ್ಟರಂತೆ. ಆದರೂ ರಾಶಿ ಕಡಿಮೆಯಾಗಲಿಲ್ಲವಂತೆ. ಬಂದವರು ಯಾರೆಂದು ಕೇಳದೆ ಉಣಿಸುವುದು ದಾಸೋಹದ ತಿರುಳು. ಮಾತು ಬಾರದವನಿಗೆ ಇದಕ್ಕಿಂತ ದೊಡ್ಡ ರಕ್ಷೆ ಬೇರೊಂದಿಲ್ಲ, ಏಕೆಂದರೆ ಇಲ್ಲಿ ಕೇಳಿಯೇ ಪಡೆಯಬೇಕೆಂಬ ನಿಯಮವಿಲ್ಲ. ಆದರೆ ಯಾರೆಂದು ಕೇಳದಿರುವುದರಲ್ಲಿ ಒಂದು ಕುಂದೂ ಅಡಗಿದೆ. ಕಲ್ಯಾಣದ ಶರಣರ ಕಥನವೇ ಅದನ್ನು ಗುರುತಿಸಿದೆ.

ಶೂನ್ಯಸಂಪಾದನೆಯಲ್ಲಿ ಬರುವ ಮರುಳಶಂಕರದೇವರು ಬಸವಣ್ಣನವರ ಮಹಾಮನೆಯ ಪ್ರಸಾದಕುಂಡದ ಬಳಿ ವರ್ಷಗಟ್ಟಲೆ ಇದ್ದವರು. ಉಂಡು ಮಿಕ್ಕ ಪ್ರಸಾದವೇ ಅವರ ಆಹಾರ. ಅವರು ಯಾರೊಡನೆಯೂ ಬೆರೆಯಲಿಲ್ಲ, ಜನ ಮರುಳನೆಂದರು. ದಿನವೂ ಸಾವಿರಾರು ಮಂದಿಗೆ ಉಣಿಸುತ್ತಿದ್ದ ಆ ಮನೆಯಲ್ಲಿ ಅವರನ್ನು ಯಾರೂ ಗುರುತಿಸಲಿಲ್ಲ, ಬಸವಣ್ಣನವರೂ ಗುರುತಿಸಲಿಲ್ಲ. ಹೊರಗಿನಿಂದ ಬಂದ ಅಲ್ಲಮಪ್ರಭು ಕಂಡು ಗುರುತಿಸಬೇಕಾಯಿತು. ಮರುಳಶಂಕರದೇವರಿಗೆ ಆಧುನಿಕ ವೈದ್ಯಶಾಸ್ತ್ರದ ಹೆಸರನ್ನು ಅಂಟಿಸುವುದು ಅವಿವೇಕ. ಅದು ಅನುಭಾವಿಯೊಬ್ಬರ ಕಥನ. ಆದರೆ ಅನ್ನ ನೀಡುವುದು ಬೇರೆ, ಅರಿಯುವುದು ಬೇರೆ ಎಂಬ ವಿವೇಚನೆಯನ್ನು ದಾಸೋಹದ ಪರಂಪರೆ ತನ್ನ ಮೇಲೆಯೇ ಪ್ರಯೋಗಿಸಿಕೊಂಡ ನಿದರ್ಶನ ಇದು. ಆ ಕಾರಣಕ್ಕಾಗಿಯೇ ಸ್ವಲೀನರ ಕುರಿತ ಚರ್ಚೆಗೆ ಇದು ಯಾವ ಪಾಶ್ಚಾತ್ಯ ಸಿದ್ಧಾಂತಕ್ಕಿಂತಲೂ ಹತ್ತಿರವಾದುದು.

ಶರಣರಲ್ಲಿ ದಾಸೋಹಕ್ಕೆ ಕಾಯಕ ಜೋಡಿಯಾಗಿತ್ತು. ಆಯ್ದಕ್ಕಿ ಮಾರಯ್ಯ ಅಗತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ತಂದಾಗ ಲಕ್ಕಮ್ಮ ಅದನ್ನು ಹಿಂದಕ್ಕೆ ಕಳುಹಿಸಿದ ಪ್ರಸಂಗವು ಕಾಯಕಕ್ಕೂ ಅದರ ಫಲಕ್ಕೂ ಇರಬೇಕಾದ ಅಳತೆಯನ್ನು ಹೇಳುತ್ತದೆ. ನಂತರದ ಶತಮಾನಗಳಲ್ಲಿ ದಾಸೋಹವು ಮಠಮಾನ್ಯಗಳಲ್ಲಿ ಸ್ಥಿರವಾದಂತೆ ಕಾಯಕವು ಕುಲವೃತ್ತಿಯಾಗಿ ಊರಿನಲ್ಲಿ ಉಳಿಯಿತು. ಊರಿನ ಬೇಸಾಯದಲ್ಲಿ ಮಾತು ಬೇಡದ ಕೆಲಸಗಳು ಹೇರಳವಾಗಿದ್ದವು: ದನ ಕಾಯುವುದು, ಬಾವಿಯಿಂದ ನೀರು ಸೇದುವುದು, ಹೊಲದಲ್ಲಿ ಹಕ್ಕಿ ಹೊಡೆಯುವುದು, ಕಾಳು ಹಸನು ಮಾಡುವುದು, ಗುಡಿಯ ಅಂಗಳ ಗುಡಿಸುವುದು, ಹೆಣ್ಣುಮಕ್ಕಳಾದರೆ ಕೌದಿಗೆ ದಾರ ಹಾಕುವುದು. ದಿನವೂ ಅದೇ ದಾರಿ, ಅದೇ ಹೊತ್ತು, ಅದೇ ಕೆಲಸ. ಮಳ್ಳನೆನಿಸಿಕೊಂಡವನು ಇವುಗಳಲ್ಲಿ ಒಂದನ್ನು ಹಿಡಿದು ಊರಿನ ಲೆಕ್ಕದಲ್ಲಿ ಉಳಿದುಕೊಳ್ಳಬಹುದಾಗಿತ್ತು. ಇದನ್ನು ಸುವರ್ಣಯುಗವೆಂದು ಬಣ್ಣಿಸುವುದು ಬೇಡ. ಅಂತಹ ದುಡಿಮೆಗೆ ಹೆಚ್ಚಿನ ಸಂದರ್ಭಗಳಲ್ಲಿ ಸಿಗುತ್ತಿದ್ದದ್ದು ಎರಡು ಹೊತ್ತಿನ ರೊಟ್ಟಿ ಮತ್ತು ಹಳೆಯ ಬಟ್ಟೆ, ಹೊಡೆತವೂ ಇರುತ್ತಿತ್ತು. ಆದರೂ ಕೆಲಸವೊಂದಿತ್ತು. ಟ್ರ್ಯಾಕ್ಟರು ಬಂದು ಎತ್ತುಗಳು ಕಡಿಮೆಯಾದ ಮೇಲೆ, ಗೋಮಾಳಗಳು ಸಾಗುವಳಿಗೆ ಒಳಪಟ್ಟ ಮೇಲೆ, ಮಳೆಯನ್ನೇ ನಂಬಿದ ತೊಗರಿಯ ಸೀಮೆಯ ಜನ ದುಡಿಮೆಗಾಗಿ ಪುಣೆ, ಮುಂಬೈ, ಹೈದರಾಬಾದುಗಳಿಗೆ ಗುಳೆ ಹೋಗತೊಡಗಿದ ಮೇಲೆ ಈ ಕೆಲಸಗಳು ಇಲ್ಲವಾದವು. ಗುಳೆ ಹೋಗುವ ಕುಟುಂಬಕ್ಕೆ ಸ್ವಲೀನ ಮಗುವನ್ನು ಹೊಸ ಊರಿನ ಗದ್ದಲಕ್ಕೆ ಒಯ್ಯುವುದೂ ಕಷ್ಟ, ವಯಸ್ಸಾದವರ ಬಳಿ ಬಿಟ್ಟುಹೋಗುವುದೂ ಕಷ್ಟ.

ದಾನದ ಹಣ ಅನ್ನವನ್ನು ದಾಟಿ ವಿದ್ಯೆಗೆ, ವಿದ್ಯೆಯನ್ನು ದಾಟಿ ವೃತ್ತಿಗೆ ತಲುಪಿದ ನಿದರ್ಶನ ಉತ್ತರ ಕರ್ನಾಟಕದಲ್ಲಿಯೇ ಇದೆ. ಅದು ಸ್ವಲೀನರಿಗೆ ಸಂಬಂಧಿಸಿದುದಲ್ಲ, ಅಂಧರಿಗೆ ಸಂಬಂಧಿಸಿದುದು. ಆದರೂ ಹೋಲಿಕೆಗೆ ಅನಿವಾರ್ಯವಾದುದು. ಹಾನಗಲ್ಲ ತಾಲೂಕಿನಲ್ಲಿ 1892ರಲ್ಲಿ ಜನಿಸಿದ ಪಂಚಾಕ್ಷರಿ ಗವಾಯಿಗಳು ಹುಟ್ಟುಕುರುಡರು. ಹಾನಗಲ್ಲ ಕುಮಾರಸ್ವಾಮಿಗಳು (1867–1930) ಅವರಲ್ಲಿದ್ದ ಗಾನಶಕ್ತಿಯನ್ನು ಗುರುತಿಸಿ ಶಿಕ್ಷಣಕ್ಕೆ ಏರ್ಪಾಟು ಮಾಡಿದರು. ಗವಾಯಿಗಳು ಮುಂದೆ ಅಂಧ ಹಾಗೂ ಅನಾಥ ಮಕ್ಕಳನ್ನು ಕಟ್ಟಿಕೊಂಡು ಊರೂರು ಸಂಚರಿಸುತ್ತ ಸಂಗೀತ ಕಲಿಸಿದರು. ಆ ಸಂಚಾರಿ ಶಾಲೆಯೇ ಗದಗಿನಲ್ಲಿ ವೀರೇಶ್ವರ ಪುಣ್ಯಾಶ್ರಮವಾಗಿ ನೆಲೆನಿಂತಿತು. 1944ರಲ್ಲಿ ಅವರು ಲಿಂಗೈಕ್ಯರಾದ ನಂತರ ಶಿಷ್ಯರಾದ ಪುಟ್ಟರಾಜ ಗವಾಯಿಗಳು (1914–2010), ಅವರೂ ಅಂಧರೇ, ಆಶ್ರಮವನ್ನು ಆರೂವರೆ ದಶಕಗಳ ಕಾಲ ನಡೆಸಿದರು. ಭಕ್ತರು ನೀಡಿದ ಜೋಳ–ಬೇಳೆಗಳು, ತುಲಾಭಾರದ ಹಣ, ಆಶ್ರಮದ ನಾಟಕ ಕಂಪನಿಯ ಗಳಿಕೆ ಇವುಗಳಿಂದ ಸಂಸ್ಥೆ ಬೆಳೆಯಿತು. ಇಲ್ಲಿ ಗಮನಿಸಬೇಕಾದದ್ದು ದಾನದ ಮೊತ್ತವನ್ನಲ್ಲ, ದಾನದ ಕೊನೆಯ ಫಲವನ್ನು. ಆಶ್ರಮದಿಂದ ಹೊರಬಂದವರು ಸಂಗೀತ ಶಿಕ್ಷಕರಾದರು, ಹಾರ್ಮೋನಿಯಂ–ತಬಲಾ ಸಾಥಿದಾರರಾದರು, ಕೀರ್ತನಕಾರರಾದರು, ತಮ್ಮ ಸಂಸಾರವನ್ನು ತಾವೇ ನಡೆಸಿದರು. ಒಂದು ಕಾಲಕ್ಕೆ ಭಿಕ್ಷೆಗೆ ಮಾತ್ರ ಪಾತ್ರನೆಂದು ಭಾವಿಸಲಾಗಿದ್ದ ಕುರುಡನು ಊರಿನ ಮಕ್ಕಳಿಗೆ ಗುರುವಾದ.

ಈ ಮಾದರಿಯನ್ನು ಸ್ವಲೀನರಿಗೆ ಹಾಗೆಯೇ ಅನ್ವಯಿಸಲಾಗದು. ಕುರುಡುತನ ಕಣ್ಣಿಗೆ ಕಾಣುವ ಕೊರತೆ. ದಾನಿಗೆ ಅದನ್ನು ವಿವರಿಸಬೇಕಾಗಿಲ್ಲ. ಸಂಗೀತವೆಂಬ ಸಿದ್ಧವಿದ್ಯೆಯೂ ಗುರುಶಿಷ್ಯ ಪರಂಪರೆಯೂ ಅಲ್ಲಿ ಮೊದಲೇ ಇದ್ದವು. ಸ್ವಲೀನ ಮಗುವಿನ ಮೈಯಲ್ಲಿ ಕೊರತೆ ಕಾಣುವುದಿಲ್ಲ, ಆದ್ದರಿಂದ ಅದರ ನಡವಳಿಕೆಯನ್ನು ಹಟವೆಂದೋ ತಾಯಿ ಬೆಳೆಸಿದ ರೀತಿಯ ತಪ್ಪೆಂದೋ ಜನ ಭಾವಿಸುತ್ತಾರೆ. ಹಾಗೆ ಭಾವಿಸಿದವರು ಹಳ್ಳಿಗರು ಮಾತ್ರವಲ್ಲ. 1950 ಮತ್ತು 60ರ ದಶಕಗಳಲ್ಲಿ ಪಶ್ಚಿಮದ ಮನೋವೈದ್ಯರೂ ತಾಯಂದಿರ ಒಲವಿನ ಕೊರತೆಯೇ ಇದಕ್ಕೆ ಕಾರಣವೆಂದು ನಂಬಿದ್ದರು. ಆ ವಾದ ಈಗ ಬಿದ್ದುಹೋಗಿದೆ. ಕಲಿಕೆಯೂ ಇಲ್ಲಿ ಒಬ್ಬ ಗುರುವಿನ ಮುಂದೆ ಇಪ್ಪತ್ತು ಮಕ್ಕಳು ಕೂರುವ ಬಗೆಯದಲ್ಲ. ಹಲವು ಮಕ್ಕಳಿಗೆ ಒಬ್ಬೊಬ್ಬರಿಗೆ ಒಬ್ಬೊಬ್ಬ ಶಿಕ್ಷಕ ಬೇಕಾಗುತ್ತದೆ. ಆದಕಾರಣ ಈ ಕ್ಷೇತ್ರದಲ್ಲಿ ಮೊದಲು ಮುಂದೆ ಬಂದದ್ದು ಮಠಗಳಲ್ಲ, ತಂದೆತಾಯಿಗಳು. ಬುದ್ಧಿಮಾಂದ್ಯರಿಗಾಗಿ ರಾಷ್ಟ್ರೀಯ ಸಂಸ್ಥೆಯೊಂದು 1984ರಲ್ಲಿ ಸಿಕಂದರಾಬಾದಿನಲ್ಲಿ ಸ್ಥಾಪನೆಯಾಗಿತ್ತು. ಕಲಬುರಗಿಯವರಿಗೆ ಬೆಂಗಳೂರಿಗಿಂತ ಅದು ಹತ್ತಿರ. ಆದರೆ ಸ್ವಲೀನತೆಯನ್ನೇ ಪ್ರಧಾನವಾಗಿಟ್ಟುಕೊಂಡ ‘ಆ್ಯಕ್ಷನ್ ಫಾರ್ ಆಟಿಸಂ’ 1991ರಲ್ಲಿ ದೆಹಲಿಯಲ್ಲಿ ಹುಟ್ಟಿದ್ದು ತಾಯಿಯೊಬ್ಬರ ಪ್ರಯತ್ನದಿಂದ. ಬೆಂಗಳೂರಿನಲ್ಲಿ ಸ್ಪಾಸ್ಟಿಕ್ಸ್ ಸೊಸೈಟಿ ಆಫ್ ಕರ್ನಾಟಕ ಮುಂತಾದ ಸ್ವಯಂಸೇವಾ ಸಂಸ್ಥೆಗಳು ಈ ಮಕ್ಕಳಿಗೆ ತರಗತಿಗಳನ್ನು ತೆರೆದವು. 1990ರ ದಶಕದಲ್ಲಿ ಸ್ವಲೀನತೆಗೆಂದೇ ಮೀಸಲಾದ ‘ಆಶಾ’ ಸಂಸ್ಥೆ ಆರಂಭವಾಯಿತು. ಇವೆಲ್ಲ ನಗರದ ದಾನ, ನಗರದ ಮಕ್ಕಳಿಗೆ ತಲುಪಿದ ದಾನ.

ಕಾನೂನು ಇನ್ನೂ ನಿಧಾನವಾಗಿ ನಡೆಯಿತು. 1995ರ ಅಂಗವಿಕಲರ ಕಾಯ್ದೆಯು ಗುರುತಿಸಿದ ವೈಕಲ್ಯಗಳ ಪಟ್ಟಿಯಲ್ಲಿ ಸ್ವಲೀನತೆ ಇರಲಿಲ್ಲ. 1999ರ ರಾಷ್ಟ್ರೀಯ ನ್ಯಾಸ ಕಾಯ್ದೆಯು ಸ್ವಲೀನತೆ, ಮಿದುಳು ಪಾರ್ಶ್ವವಾಯು, ಬುದ್ಧಿಮಾಂದ್ಯ ಹಾಗೂ ಬಹುವಿಧ ವೈಕಲ್ಯವುಳ್ಳವರನ್ನು ಒಳಗೊಂಡಿತು. ತಂದೆತಾಯಿಗಳ ನಂತರ ಇವರನ್ನು ನೋಡಿಕೊಳ್ಳುವವರು ಯಾರೆಂಬ ಪ್ರಶ್ನೆಗೆ ಉತ್ತರವಾಗಿ ಪಾಲಕರ ನೇಮಕಕ್ಕೆ ಜಿಲ್ಲಾ ಮಟ್ಟದ ಸಮಿತಿಗಳನ್ನು ರೂಪಿಸಿತು. ಆದರೆ ಪಾಲನೆ ಬೇರೆ, ಉದ್ಯೋಗದ ಹಕ್ಕು ಬೇರೆ. ಆ ಹಕ್ಕು ಬಂದದ್ದು 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯಿಂದ. ಅದು 21 ಬಗೆಯ ವೈಕಲ್ಯಗಳನ್ನು ಗುರುತಿಸಿ, ಸರ್ಕಾರಿ ಹುದ್ದೆಗಳಲ್ಲಿ ಶೇ. 4ರ ಮೀಸಲಾತಿಯನ್ನು ವಿಧಿಸಿತು. ಇದರಲ್ಲಿ ಶೇ. 1ರ ಪಾಲು ಸ್ವಲೀನತೆ, ಬೌದ್ಧಿಕ ವೈಕಲ್ಯ, ಕಲಿಕಾ ನ್ಯೂನತೆ, ಮನೋರೋಗ ಹಾಗೂ ಬಹುವಿಧ ವೈಕಲ್ಯ ಇಷ್ಟೂ ವರ್ಗಗಳಿಗೆ ಸೇರಿ. ಹಂಚಿಕೆಯ ಒರಟುತನ ಎದ್ದುಕಾಣುತ್ತದೆ. ಸ್ವಲೀನತೆಯನ್ನು ಅಳೆಯಲು ಸಿಕಂದರಾಬಾದಿನ ಸಂಸ್ಥೆಯು ರೂಪಿಸಿದ ಭಾರತೀಯ ಮಾಪನದಲ್ಲಿ 40 ಅಂಶಗಳಿವೆ. 70ಕ್ಕಿಂತ ಕಡಿಮೆ ಅಂಕ ಬಂದರೆ ಸ್ವಲೀನತೆಯಿಲ್ಲವೆಂದೂ 153ನ್ನು ಮೀರಿದರೆ ತೀವ್ರವೆಂದೂ ಲೆಕ್ಕ. ಕಣ್ಣಿಗೆ ಕಣ್ಣು ಕೊಟ್ಟು ನೋಡುತ್ತದೆಯೆ, ಕೇಳಿದ ಮಾತನ್ನೇ ಮರುನುಡಿಯುತ್ತದೆಯೆ ಎಂಬಂತಹ ಪ್ರಶ್ನೆಗಳಿಗೆ ತಾಯಿ ತನ್ನ ಆಡುಮಾತಿನಲ್ಲಿ ನೀಡುವ ಉತ್ತರದ ಮೇಲೆ ಅಂಕ ನಿಂತಿರುತ್ತದೆ. ಆಳಂದದ ಮರಾಠಿ–ಉರ್ದು ಬೆರೆತ ಕನ್ನಡವನ್ನು ಬಲ್ಲ ಪರೀಕ್ಷಕರಿಲ್ಲದಿದ್ದರೆ ಆ ಅಂಕಕ್ಕೆ ಬೆಲೆ ಕಡಿಮೆ.

2011ರ ಜನಗಣತಿಯು ಕರ್ನಾಟಕದಲ್ಲಿ 13.24 ಲಕ್ಷ ಅಂಗವಿಕಲರನ್ನು ಎಣಿಸಿತು. ವೈಕಲ್ಯದ ಎಂಟು ವರ್ಗಗಳಲ್ಲಿ ಸ್ವಲೀನತೆಗೆ ಪ್ರತ್ಯೇಕ ಸ್ಥಾನವಿರಲಿಲ್ಲ. ಹಳ್ಳಿಯ ಸ್ವಲೀನ ಮಗು ಬುದ್ಧಿಮಾಂದ್ಯರಲ್ಲಿಯೋ ಮೂಗರಲ್ಲಿಯೋ ‘ಇತರೆ’ ಎಂಬ ವರ್ಗದಲ್ಲಿಯೋ ಸೇರಿಹೋಗಿರಬೇಕು, ಇಲ್ಲವೆ ಎಣಿಕೆಗೆ ಸಿಗದೆ ಉಳಿದಿರಬೇಕು. ಮರುಳಶಂಕರದೇವರ ಕಥನವನ್ನು ಬಲ್ಲವರಿಗೆ ಇದು ಹೊಸ ಸಂಗತಿಯಲ್ಲ.

ಉದ್ಯೋಗದ ವಿಷಯದಲ್ಲಿ ರಾಜ್ಯದ ಎರಡು ಪ್ರಯೋಗಗಳು ಉಲ್ಲೇಖಾರ್ಹ. ಜರ್ಮನ್ ಮೂಲದ ಸ್ಯಾಪ್ ಕಂಪನಿಯು ತನ್ನ ಬೆಂಗಳೂರಿನ ಕಚೇರಿಯಲ್ಲಿ ಸ್ವಲೀನ ಯುವಕರನ್ನು ತಂತ್ರಾಂಶ ಪರೀಕ್ಷೆಯ ಕೆಲಸಕ್ಕೆ ತೆಗೆದುಕೊಂಡು ನೋಡಿತು. ಒಂದೇ ಬಗೆಯ ಕೆಲಸವನ್ನು ಬೇಸರವಿಲ್ಲದೆ, ಕಣ್ತಪ್ಪಿಲ್ಲದೆ ಮಾಡುವ ಅವರ ಶಕ್ತಿಯನ್ನು ಕಂಡ ಮೇಲೆ 2013ರಲ್ಲಿ ಜಗತ್ತಿನಾದ್ಯಂತ ತನ್ನ ನೌಕರರಲ್ಲಿ ಶೇ. 1ರಷ್ಟು ಸ್ವಲೀನರಿರಬೇಕೆಂಬ ಗುರಿಯನ್ನು ಘೋಷಿಸಿತು. ಇದು ಮಹತ್ವದ ಹೆಜ್ಜೆಯಾದರೂ ಓದಿದವರಿಗೆ, ಇಂಗ್ಲಿಷ್ ಬಲ್ಲವರಿಗೆ ಮಾತ್ರ ಎಟುಕುವಂತಹುದು. ಎರಡನೆಯದು ಹುಬ್ಬಳ್ಳಿಯದು. ಅಲೀನಾ ಆಲಂ ಎಂಬ ತರುಣಿ 2017ರಲ್ಲಿ ಅಲ್ಲಿನ ಕೆಎಲ್‌ಇ ತಾಂತ್ರಿಕ ವಿಶ್ವವಿದ್ಯಾಲಯದ ಆವರಣದಲ್ಲಿ ‘ಮಿಟ್ಟಿ ಕೆಫೆ’ ಎಂಬ ಪುಟ್ಟ ಉಪಾಹಾರ ಗೃಹವನ್ನು ದಾನಿಗಳ ನೆರವಿನಿಂದ ಆರಂಭಿಸಿದರು. ಚಹಾ ಕಾಸುವವರು, ತಿಂಡಿ ಮಾಡುವವರು, ಬಡಿಸುವವರು ಬಹುಪಾಲು ದೈಹಿಕ, ಬೌದ್ಧಿಕ ವೈಕಲ್ಯವುಳ್ಳವರೇ, ಸ್ವಲೀನರೂ ಅವರಲ್ಲಿದ್ದಾರೆ. ಮುಂದೆ ಇದು ಹಲವು ನಗರಗಳಿಗೆ ಹರಡಿತು. 2023ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟಿನ ಆವರಣದಲ್ಲಿಯೂ ಒಂದು ಶಾಖೆ ತೆರೆಯಿತು. ಇಲ್ಲಿ ದಾನದ ದಿಕ್ಕು ಬದಲಾಗಿದೆ: ಉಣ್ಣುವವರ ಸಾಲಿನಲ್ಲಿದ್ದವರು ಉಣಿಸುವವರ ಸಾಲಿಗೆ ಬಂದಿದ್ದಾರೆ.

ಈ ದೃಷ್ಟಿಯಿಂದ ಕಲಬುರಗಿ ಸೀಮೆಯನ್ನು ಮತ್ತೆ ನೋಡಿದಾಗ ಸಾಮಗ್ರಿಯ ಕೊರತೆ ಕಾಣುವುದಿಲ್ಲ. ಗ್ರಾಮ ಪಂಚಾಯತಿಗಳು ತಮ್ಮ ಸ್ವಂತ ಆದಾಯದ ಒಂದು ಪಾಲನ್ನು ವಿಕಲಚೇತನರಿಗಾಗಿ ವೆಚ್ಚ ಮಾಡಬೇಕೆಂಬ ಆದೇಶವಿದೆ. ಪಂಚಾಯತಿಗಳಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರಿದ್ದಾರೆ; ಅವರೂ ವಿಕಲಚೇತನರೇ, ಗೌರವಧನಕ್ಕೆ ದುಡಿಯುವವರು. ತೀವ್ರ ವೈಕಲ್ಯವುಳ್ಳ ಮಕ್ಕಳು ಮನೆಯಲ್ಲಿಯೇ ಕಲಿಯುವ ಹಕ್ಕನ್ನು ಶಿಕ್ಷಣ ಹಕ್ಕು ಕಾಯ್ದೆಯ 2012ರ ತಿದ್ದುಪಡಿ ನೀಡಿದೆ. 2009ರಲ್ಲಿ ಸ್ಥಾಪಿತವಾದ ಕರ್ನಾಟಕ ಕೇಂದ್ರೀಯ ವಿಶ್ವವಿದ್ಯಾಲಯ ಆಳಂದ ತಾಲೂಕಿನ ಕಡಗಂಚಿಯಲ್ಲಿಯೇ ಇದೆ. ಮಠಗಳ ವಿದ್ಯಾಸಂಸ್ಥೆಗಳೂ 1958ರಲ್ಲಿ ಸ್ಥಾಪನೆಯಾದ ಹೈದರಾಬಾದ್ ಕರ್ನಾಟಕ ಶಿಕ್ಷಣ ಸಂಸ್ಥೆಯೂ ದಾನದ ಹಣದಿಂದ ಕಾಲೇಜುಗಳನ್ನು ಕಟ್ಟಬಹುದೆಂಬುದನ್ನು ಈ ಸೀಮೆಗೆ ಬಹಳ ಹಿಂದೆಯೇ ತೋರಿಸಿಕೊಟ್ಟಿವೆ. ಕಡಿಮೆಯಾಗಿರುವುದು ಒಂದು ಬಗೆಯ ದಾನ. ಅನ್ನಕ್ಕೆ, ಕಟ್ಟಡಕ್ಕೆ, ಕಳಸಕ್ಕೆ, ರಥಕ್ಕೆ ಕೊಡುವ ದಾನಿಯ ಹೆಸರು ಕಲ್ಲಿನ ಮೇಲೆ ನಿಲ್ಲುತ್ತದೆ. ಹುಡುಗನೊಬ್ಬ ತಾನಾಗಿ ಅಂಗಿಯ ಗುಂಡಿ ಹಾಕಿಕೊಳ್ಳಲು ಕಲಿಯುವವರೆಗೆ, ಬಳಿಕ ಕಾಳು ಅಳೆಯಲು ಕಲಿಯುವವರೆಗೆ ವರ್ಷಗಟ್ಟಲೆ ಜೊತೆಗಿರುವ ಶಿಕ್ಷಕನ ಸಂಬಳಕ್ಕೆ ಕೊಟ್ಟ ಹಣ ಯಾವ ಕಲ್ಲಿನ ಮೇಲೂ ಕಾಣುವುದಿಲ್ಲ. ದತ್ತಿಯ ಶಾಸನಗಳನ್ನು ಓದಿದವರಿಗೆ ಈ ಪಕ್ಷಪಾತ ಹಳೆಯದೆಂದು ಗೊತ್ತು. ಆದರೂ ಹಳೆಯ ಶಾಸನಗಳಲ್ಲಿ ಮಠಗಳಲ್ಲಿ ಓದಿಸುವ ಉಪಾಧ್ಯಾಯರ ಜೀವಿತಕ್ಕೆಂದು ಬಿಟ್ಟ ಭೂಮಿಯ ಉಲ್ಲೇಖಗಳೂ ಇವೆ.

ದಾಸೋಹದ ಅಡುಗೆಮನೆಯನ್ನೇ ಒಂದು ಕಾಯಕಶಾಲೆಯಾಗಿ ಪರಿಗಣಿಸಲು ಸಾಧ್ಯವಿದೆ. ಅಲ್ಲಿ ಕೆಲಸದ ಹೊತ್ತು ನಿಗದಿಯಾಗಿದೆ, ಕೆಲಸದ ಕ್ರಮ ಬದಲಾಗುವುದಿಲ್ಲ. ಬೇಳೆ ಆರಿಸುವುದು, ರೊಟ್ಟಿ ಎಣಿಸಿ ಜೋಡಿಸುವುದು, ತಟ್ಟೆ ತೊಳೆದು ಒರೆಸಿಡುವುದು, ನೀರಿನ ಲೋಟಗಳನ್ನು ಸಾಲಾಗಿ ಇಡುವುದು ಇಂತಹ ಕೆಲಸಗಳಲ್ಲಿ ಮಾತಿನ ಅಗತ್ಯ ಕಡಿಮೆ, ಕ್ರಮದ ಅಗತ್ಯ ಹೆಚ್ಚು. ಜಾತ್ರೆ–ಉರುಸುಗಳ ಗದ್ದಲದ ದಿನಗಳನ್ನು ಬಿಟ್ಟು ಉಳಿದ ದಿನಗಳಲ್ಲಿ, ಸದ್ದಿಲ್ಲದ ಮೂಲೆಯೊಂದನ್ನು ಒದಗಿಸಿ, ಕೆಲಸದ ಹಂತಗಳನ್ನು ಚಿತ್ರಗಳಲ್ಲಿ ಗೋಡೆಗೆ ಬರೆಸಿ, ಬಳಿಯಲ್ಲಿ ತರಬೇತಾದ ಒಬ್ಬರನ್ನು ನಿಲ್ಲಿಸಿದರೆ ಹಲವರಿಗೆ ಇದು ನಿಲುಕುವ ದುಡಿಮೆ. ಎಲ್ಲರಿಗೂ ಅಲ್ಲ, ತೀವ್ರ ಸ್ಥಿತಿಯಲ್ಲಿರುವವರಿಗೆ ಜೀವನವಿಡೀ ಆರೈಕೆಯೇ ಬೇಕು, ಅಂತಹವರನ್ನು ದುಡಿಯದವರೆಂದು ಕೆಳಗಿಡುವ ಹಕ್ಕು ಯಾರಿಗೂ ಇಲ್ಲ.

ಇಲ್ಲಿ ಒಂದು ತೊಡಕನ್ನು ಮೊದಲೇ ಬಗೆಹರಿಸಿಕೊಳ್ಳಬೇಕಾಗುತ್ತದೆ. ಮಠ, ದರ್ಗಾ, ಕ್ಷೇತ್ರಗಳಲ್ಲಿ ಭಕ್ತರು ಮಾಡುವ ದುಡಿಮೆಗೆ ಸೇವೆಯೆಂದು ಹೆಸರು, ಸೇವೆಗೆ ಕೂಲಿಯಿಲ್ಲ. ತನ್ನ ಕೂಲಿಯನ್ನು ಕೇಳಲು ಬಾರದವನ ದುಡಿಮೆಯನ್ನು ಸೇವೆಯೆಂದು ಕರೆದುಬಿಟ್ಟರೆ, ಎರಡು ರೊಟ್ಟಿ ಮತ್ತು ಹಳೆಯ ಬಟ್ಟೆಯ ಕಾಲಕ್ಕೆ ಹಿಂತಿರುಗಿದಂತೆಯೇ ಸರಿ. ಆದ್ದರಿಂದ ಇತರ ಕೆಲಸಗಾರರಿಗೆ ಸಲ್ಲುವ ಕೂಲಿ ಇವರಿಗೂ ಸಲ್ಲಬೇಕು, ಅದು ಅವರ ಹೆಸರಿನ ಬ್ಯಾಂಕ್ ಖಾತೆಗೆ ಸೇರಬೇಕು. ಅಗತ್ಯವಿರುವವರ ಪಾಲಿಗೆ ಆ ಖಾತೆಯನ್ನು ನೋಡಿಕೊಳ್ಳುವ ಪಾಲಕರನ್ನು 1999ರ ಕಾಯ್ದೆಯ ಸಮಿತಿಯು ನೇಮಿಸಬಹುದು, ದುರುಪಯೋಗವಾದರೆ ತೆಗೆದುಹಾಕಲೂಬಹುದು.